ಜಗಲಿಗೆ ಗಾಜು ಹಾಕಿಸಿದ ಮೇಲೆ

ನಮ್ಮ ಮನೆಯ ಜಗಲಿಗೆ ಗಾಜು ಹಾಕಿಸಿದ್ದು 2022ರ ಜನವರಿಯಲ್ಲಿ. ಕುಂದಾಪುರದ ಬಳಿ, ಸಮುದ್ರದಿಂದ ಒಂದು ಮೈಲಿಯೊಳಗಿನ ಹಳೆಯ ಮನೆ ನಮ್ಮದು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಪಡುವಣಕ್ಕೆ ಮುಖ ಮಾಡಿದ ಜಗಲಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಜಗಲಿಯ ಮುಂಭಾಗಕ್ಕೆ ಮರದ ಪಟ್ಟಿಗಳ ದಳಿ. ಅಮ್ಮಿಯ ಹಗಲು ಕಳೆಯುತ್ತಿದ್ದುದು ಅಲ್ಲಿಯೇ. ಮೀನು ಮಾರುವ ಅಕ್ಕ ಬುಟ್ಟಿ ಇಳಿಸಿ ನೀರು ಕುಡಿಯುತ್ತಿದ್ದುದು, ಬೀಡಿ ಕಟ್ಟುವ ಹೆಣ್ಣುಮಕ್ಕಳು ಮೊರ ಹಿಡಿದು ಬಂದು ಕೂರುತ್ತಿದ್ದುದು ಅಲ್ಲಿಯೇ.

ಮ್ಯಾಂಚೆಸ್ಟರಿನಲ್ಲಿರುವ ನಮ್ಮ ತಂಗಿ ತನ್ನ ಮನೆಯ ಗಾಜಿನ ಕೋಣೆಯ ಫೋಟೋ ಕಳಿಸಿದ್ದಳು. ಬಿಳಿ ಕುರ್ಚಿ, ಹಸಿರು ಕುಂಡ, ಮೈತುಂಬ ಬಿಸಿಲು. ಅದನ್ನು ನೋಡಿದ ದಿನದಿಂದ ನಮ್ಮ ಜಗಲಿ ನಮಗೇ ಬಡವಾಗಿ ಕಾಣತೊಡಗಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುವ ಊರಿನ ಜನ ಬಿಸಿಲನ್ನು ಹಿಡಿದಿಡಲು ಮಾಡಿಕೊಂಡ ಉಪಾಯ ಅದು. ಬಿಸಿಲಿನಿಂದ ತಪ್ಪಿಸಿಕೊಳ್ಳಲೆಂದೇ ನಮ್ಮ ಹಿರಿಯರು ಜಗಲಿ ಕಟ್ಟಿದ್ದರು ಎಂಬುದು ನಮಗೆ ಹೊಳೆಯಲೇ ಇಲ್ಲ.

ಹೆಂಚು ಇಳಿಯಿತು. ರೀಪು, ಪಕ್ಕಾಸು, ದಳಿ ಎಲ್ಲ ಸೌದೆಯ ಬೆಲೆಗೆ ಹೋದವು. ಅಲ್ಯೂಮಿನಿಯಂ ಚೌಕಟ್ಟು, ಟಫನ್ಡ್ ಗಾಜು, ಕೂಲಿ ಸೇರಿ 3,40,000 ರೂಪಾಯಿ. ಫೆಬ್ರವರಿವರೆಗೆ ಬಂದವರೆಲ್ಲ ಹೊಗಳಿದರು. ನಾವೂ ಬೀಗಿದೆವು.

ಮಾರ್ಚ್ ಬಂದಾಗ ಲೆಕ್ಕ ಶುರುವಾಯಿತು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕಿನಿಂದ ಕಾದ ನೆಲ, ಗೋಡೆ, ಕುರ್ಚಿಗಳ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಹೆಂಚಿನ ಮಾಡಿನಲ್ಲಾದರೆ ಬಿಸಿಗಾಳಿ ಮೇಲೇರಿ ಸಂದುಗಳಿಂದ ಹೊರಟುಹೋಗುತ್ತಿತ್ತು. ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಒಂದು ಚದರ ಮೀಟರಿಗೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1,000 ವಾಟ್. ನಮ್ಮ ಗಾಜಿನ ಮಾಡು 11 ಚದರ ಮೀಟರ್. ಅಂದರೆ ಒಂದು ಕಿಲೋವಾಟಿನ ಹತ್ತು ಹೀಟರುಗಳನ್ನು ಉರಿಸಿ ತಲೆಯ ಮೇಲೆ ತೂಗುಹಾಕಿದಂತೆ. ಮಧ್ಯಾಹ್ನ ಕಡಲಿನಿಂದ ಬರುವ ಗಾಳಿಯೊಂದೇ ಕರಾವಳಿಯ ಬೆವರಿಗೆ ಮದ್ದು. ನಾವು ಅದಕ್ಕೂ ಬಾಗಿಲು ಹಾಕಿದ್ದೆವು.

“ಎಸಿ ಹಾಕಿದ್ರೆ ಆಯ್ತಲ್ಲ” ಎಂದ ಕೆಲಸ ಮಾಡಿಸಿದಾತ. ಒಂದೂವರೆ ಟನ್ನಿನ ಎಸಿ, ವಯರಿಂಗ್ ಸೇರಿ 48,000. ಅದು ಹೊರಹಾಕಬಲ್ಲ ಶಾಖ ಐದು ಕಿಲೋವಾಟಿನಷ್ಟು. ಮೇಲಿನಿಂದ ಬರುವುದು ಅದಕ್ಕಿಂತ ಹೆಚ್ಚು. ಹಾಗಾಗಿ ಮಾಡಿನ ಕೆಳಗೊಂದು ಪರದೆ ಬಂತು. ರಸ್ತೆಯಲ್ಲಿ ಹೋಗುವವರಿಗೆ ಮನೆಯ ಹೆಣ್ಣುಮಕ್ಕಳು ಕಾಣುತ್ತಾರೆಂದು ಸುತ್ತಲೂ ಪರದೆ ಬಂತು. ಒಟ್ಟು 26,000. ಬೆಳಕಿಗಾಗಿ ಕಟ್ಟಿಸಿದ ಕೋಣೆಯಲ್ಲಿ ಹಗಲು ಹೊತ್ತು ಲೈಟು ಹಾಕಿ ಕೂತೆವು.

ಜೂನಿನಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಗಾಜಿನ ಸಂದುಗಳಿಗೆ ಹಾಕಿದ್ದ ಅಂಟು ಬಿಟ್ಟುಕೊಂಡಿತು. ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿದವು. ಮೇಲೆ ಪಾಚಿ, ಕೆಳಗೆ ಬಕೆಟ್ಟು.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಓಣಿಯ ಬಹಳಷ್ಟು ಮನೆಗಳಿಗೆ ಸೊನ್ನೆ ಬಿಲ್ಲು ಬಂತು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಹಣ ಕಟ್ಟಬೇಕು. ದಿನಕ್ಕೆ ಐದು ಗಂಟೆ ಓಡುವ ನಮ್ಮ ಎಸಿ ಒಂದೇ ಅಷ್ಟನ್ನು ತಿನ್ನುತ್ತಿತ್ತು. ಅಮ್ಮಿ ಬಿಲ್ಲನ್ನು ಕೈಯಲ್ಲಿ ಹಿಡಿದು, “ಯೇ ಇಸ್ರಾಫ್ ಹೈ ಬೇಟಾ” ಎಂದರು. ಇಸ್ರಾಫ್ ಎಂದರೆ ದುಂದು, ಅಲ್ಲಾಹನಿಗೆ ಇಷ್ಟವಿಲ್ಲದ್ದು. ಬೇರೇನೂ ಹೇಳಲಿಲ್ಲ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯದ ಖರ್ಚೊಂದಿತ್ತು. ಮೀನಿನ ಅಕ್ಕ ಈಗ ಗೇಟಿನ ಹೊರಗೇ ನಿಂತು, “ಅಮ್ಮಾ, ಬಂಗ್ಡಿ ಇತ್ತ್, ಬೇಕಾ?” ಎಂದು ಕೂಗುತ್ತಿದ್ದಳು. ಗಾಜಿನೊಳಗೆ ಎಸಿಯ ಸದ್ದಿನಲ್ಲಿ ಅಮ್ಮಿಗೆ ಕೇಳಿಸುತ್ತಿರಲಿಲ್ಲ. ಅವಳು ಮುಂದೆ ಹೋಗಿಬಿಡುತ್ತಿದ್ದಳು. ಹೊಳೆಯುವ ನೆಲದ ಮೇಲೆ ತಂಬಾಕಿನ ಪುಡಿ ಬೀಳಿಸಲು ಅಂಜಿ ಬೀಡಿಯ ಹೆಣ್ಣುಮಕ್ಕಳು ಬೇರೆ ಮನೆಯ ಜಗಲಿ ಹುಡುಕಿಕೊಂಡರು. ಬನ್ನಿ ಎಂದು ನಾವು ಕರೆಯಲಿಲ್ಲ. ಬರಬೇಡಿ ಎಂದೂ ಹೇಳಿರಲಿಲ್ಲ. ಹೇಳುವ ಕೆಲಸವನ್ನು ಗಾಜು ಮಾಡಿತ್ತು. ಅಮ್ಮಿ ಒಳಕೋಣೆ ಸೇರಿದರು. ಮಾತು ಕಡಿಮೆಯಾಯಿತು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ನಾವು ತಿಳಿದೆವು.

ನಮ್ಮ ಕಣ್ಣು ತೆರೆದದ್ದು ಮರುವರ್ಷ ಉಮ್ರಾಕ್ಕೆ ಹೋದಾಗ. ಜಿದ್ದಾದ ಹಳೆಯ ಪೇಟೆ ಅಲ್ ಬಲದ್ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಅದೂ ಕಡಲ ತೀರವೇ, ನಮ್ಮಂತೆಯೇ ಬೆವರುವ ಊರು. ಅಲ್ಲಿನ ಹವಳದ ಕಲ್ಲಿನ ಮನೆಗಳ ಮುಂದೆ ಮರದ ಜಾಲಂಧ್ರಗಳು ಚಾಚಿಕೊಂಡಿವೆ. ಅವಕ್ಕೆ ರೋಶನ್ ಎನ್ನುತ್ತಾರೆ. ನಮ್ಮ ಉರ್ದು ಮನೆಗಳ ರೋಶನ್‌ದಾನ್ ನೆನಪಾಯಿತು. ಗಾಳಿ ಒಳಗೆ ಬರಬೇಕು, ಬಿಸಿಲು ಹೊರಗೆ ನಿಲ್ಲಬೇಕು, ಒಳಗಿನ ಹೆಂಗಸಿಗೆ ಬೀದಿ ಕಾಣಬೇಕು, ಬೀದಿಗೆ ಅವಳು ಕಾಣಬಾರದು. ಈ ನಾಲ್ಕೂ ಕೆಲಸವನ್ನು ನಮ್ಮ ಅಜ್ಜ ಹಾಕಿಸಿದ ದಳಿ ಬಿಲ್ಲಿಲ್ಲದೆ ಮಾಡುತ್ತಿತ್ತು. ಅದನ್ನು ನಾವು ಸೌದೆಗೆ ಮಾರಿದ್ದೆವು.

ಊರಿಗೆ ಬಂದ ಮೇಲೆ ಗಾಜು ತೆಗೆಸಿದೆವು. ಹೆಂಚು, ಹೊಸ ಮರ, ಕೂಲಿಗೆ 85,000. ಎಲ್ಲ ಕೂಡಿದರೆ ಕರೆಂಟು ಬಿಟ್ಟು ಐದು ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಟಫನ್ಡ್ ಗಾಜನ್ನು ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಪುಡಿಯಾಗುತ್ತದೆ. ಹಾಗಾಗಿ ಕೊಳ್ಳುವವರಿಲ್ಲದೆ ಬಾವಿಯ ಹಿಂದೆ ಒರಗಿ ನಿಂತಿವೆ. ಮನೆಗೆ ಗಾಜಿನ ಕೋಣೆ ಸೇರಿಸಲು ಎಷ್ಟಾಗುತ್ತದೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಅವರನ್ನು ನಾವು ಅಲ್ಲಿಗೇ ಕರೆದೊಯ್ಯುತ್ತೇವೆ.

ಬೀಡಿಯ ಹೆಣ್ಣುಮಕ್ಕಳು ಮರಳಿ ಬರಲಿಲ್ಲ. ಮೀನಿನ ಅಕ್ಕ ಈಗಲೂ ಅಭ್ಯಾಸಬಲದಿಂದ ಗೇಟಿನ ಹೊರಗೇ ನಿಲ್ಲುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಗೇಟಿನ ಚಿಲಕ ತೆಗೆದಿಡಲು ಅಮ್ಮಿ ನಮಗೆ ಹೇಳಿದ್ದಾರೆ. ನಾವು ತೆಗೆದಿಡುತ್ತಿದ್ದೇವೆ.