ಅಣ್ಣನ ಗಾಡಿಯ ಬೆಲೆ

ಮಾರಾಟಕ್ಕಿಟ್ಟ ವಸ್ತುವಿನ ಕುರಿತು ಮಾರುವವನು ಎಷ್ಟನ್ನು ಹೇಳಬೇಕು, ಎಷ್ಟನ್ನು ಹೇಳದೆ ಬಿಡಬಹುದು? ಕೊಳ್ಳುವವನು ಕೇಳದೇ ಇರುವ ಪ್ರಶ್ನೆಗೂ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆಯೇ? ಶಾಲಾ ಮಾಸ್ತರನಾಗಿ ನಿವೃತ್ತನಾದ, ವ್ಯಾಪಾರದ ಗಂಧವೇ ಇಲ್ಲದ ನನಗೆ ಈ ಪ್ರಶ್ನೆ ಎದುರಾದದ್ದು, ತೀರಿಹೋದ ನನ್ನ ಅಣ್ಣನ ಮೋಟಾರು ಸೈಕಲನ್ನು ಮಾರಲು ಹೊರಟಾಗ.

ಅದು ರಾಜದೂತ್ 350. ಬಲ್ಲವರು ಅದನ್ನು 'ಆರ್‌ಡಿ' ಎಂದೇ ಕರೆಯುತ್ತಾರೆ. ಜಪಾನಿನ ಯಮಹಾ ಕಂಪನಿಯು 1973ರಲ್ಲಿ ಹೊರತಂದ ಆರ್‌ಡಿ 350 ಎಂಬ ವೇಗದ ಗಾಡಿಯನ್ನು ಎಸ್ಕಾರ್ಟ್ಸ್ ಸಂಸ್ಥೆಯು 1983ರಲ್ಲಿ ನಮ್ಮ ದೇಶದಲ್ಲಿ ತಯಾರಿಸತೊಡಗಿತು. 347 ಸಿ.ಸಿ.ಯ ಎರಡು ಸಿಲಿಂಡರುಗಳ ಟೂ-ಸ್ಟ್ರೋಕ್ ಎಂಜಿನ್, ಆರು ಗೇರುಗಳು, ಮೂವತ್ತು ಅಶ್ವಶಕ್ತಿ. ಅಂದಿನ ಬುಲೆಟ್ಟಿಗೆ ಇದ್ದುದು ಹದಿನೆಂಟು ಅಶ್ವಶಕ್ತಿ ಮಾತ್ರ ಎಂಬುದನ್ನು ನೆನೆದರೆ ಈ ಗಾಡಿಯ ಬಿರುಸು ಎಂಥದೆಂದು ಊಹಿಸಬಹುದು. ಜಪಾನಿನ ಗಾಡಿಯ ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಇಲ್ಲಿಯದಕ್ಕೆ ಡ್ರಮ್ ಬ್ರೇಕ್. ಓಟಕ್ಕೆ ತಕ್ಕ ತಡೆ ಇರಲಿಲ್ಲ. ಅನೇಕ ತರುಣರು ಬಿದ್ದು ಪ್ರಾಣ ಕಳೆದುಕೊಂಡರು. ಆರ್‌ಡಿ ಎಂದರೆ 'ರ‍್ಯಾಪಿಡ್ ಡೆತ್' ಎಂದು ಜನ ಕಟುವಾಗಿ ಹೇಳಿಕೊಂಡರು.

ಗಾಡಿಯನ್ನು ನಿಜವಾಗಿ ಸೋಲಿಸಿದ್ದು ಪೆಟ್ರೋಲು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಮುಂತಾದ ಹಗುರ ಗಾಡಿಗಳು ಬಂದವು. ಒಂದು ಲೀಟರಿನಲ್ಲಿ ಎಷ್ಟು ದೂರ ಎಂಬುದೇ ಮಧ್ಯಮ ವರ್ಗದ ಏಕೈಕ ಪ್ರಶ್ನೆಯಾಯಿತು. ಸಾಮರ್ಥ್ಯವನ್ನು ತಗ್ಗಿಸಿ, ಇಂಧನವನ್ನು ಸ್ವಲ್ಪ ಉಳಿಸುವ ಇನ್ನೊಂದು ಮಾದರಿಯನ್ನು ತಂದರೂ ಫಲ ಸಿಗಲಿಲ್ಲ. ಆರ್‌ಡಿಯ ತಯಾರಿಕೆ ನಿಂತಿತು. ಬಿಡಿಭಾಗ ಸಿಗದೆ ಸಾವಿರಾರು ಗಾಡಿಗಳು ಗುಜರಿ ಸೇರಿದವು. ಅಂದು ಯಾರಿಗೂ ಬೇಡವಾದದ್ದು, ಉಳಿದವು ಕೆಲವೇ ಎಂಬ ಕಾರಣಕ್ಕೆ ಇಂದು ಅಪೂರ್ವವಾಗಿದೆ. ಲೋಕದ ರೀತಿಯೇ ಹೀಗೆ. ಕಣ್ಣೆದುರು ರಾಶಿಯಾಗಿ ಬಿದ್ದಿರುವಾಗ ನಾವು ಬೆಲೆ ಕಟ್ಟುವುದಿಲ್ಲ.

ನನ್ನ ಅಣ್ಣ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. 1984ರಲ್ಲಿ ನೋಂದಣಿಯಾಗಿದ್ದ ಈ ಗಾಡಿಯನ್ನು, ಪೆಟ್ರೋಲಿನ ಖರ್ಚಿಗೆ ಬೇಸತ್ತ ಮೊದಲ ಒಡೆಯನಿಂದ 1989ರಲ್ಲಿ ಅಗ್ಗಕ್ಕೆ ಕೊಂಡ. ವಾರಪೂರ್ತಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು ಭಾನುವಾರ ಮಾತ್ರ ಅದನ್ನು ಹೊರತೆಗೆಯುತ್ತಿದ್ದ. ಕಿಕ್ಕರ್ ತುಳಿದೊಡನೆ ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಹೊರಟು, ಸುಟ್ಟ ಎಣ್ಣೆಯ ವಾಸನೆ ಅಂಗಳದಲ್ಲೆಲ್ಲ ಹರಡುತ್ತಿತ್ತು. ಅಪ್ಪ ಅದನ್ನು "ದುಂದುಗಾರನ ಕುದುರೆ" ಎಂದು ಬೈಯುತ್ತಿದ್ದರು. ಅಣ್ಣ ನಕ್ಕು ಸುಮ್ಮನಾಗುತ್ತಿದ್ದ.

1993ರಲ್ಲಿ ಒಂದು ಅಪಘಾತವಾಯಿತು. ಅಣ್ಣನಿಗೆ ತರಚುಗಾಯ ಮಾತ್ರ ಆಯಿತು, ಆದರೆ ಎಂಜಿನ್ನಿನ ಕವಚ ಸೀಳಿಹೋಯಿತು. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದರೂ ಹೊಸದು ದೊರೆಯಲಿಲ್ಲ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ, ಕಳಚಿಹಾಕಿದ್ದ ಇನ್ನೊಂದು ಆರ್‌ಡಿಯ ಎಂಜಿನ್ ಸಿಕ್ಕಿತು. ಅದನ್ನೇ ತಂದು ಕೂರಿಸಿದ. ನಿಯಮದಂತೆ ಈ ಬದಲಾವಣೆಯನ್ನು ಆರ್‌ಸಿ ಪುಸ್ತಕದಲ್ಲಿ ನಮೂದಿಸಬೇಕಾಗಿತ್ತು. ನಾಳೆ ನಾಡಿದ್ದು ಎನ್ನುತ್ತಾ ಅಣ್ಣ ಮಾಡಿಸಲೇ ಇಲ್ಲ. 1999ರಲ್ಲಿ ಹದಿನೈದು ವರ್ಷಗಳ ನೋಂದಣಿ ಮುಗಿಯಿತು. ಗಾಡಿ ಗೋಣಿಚೀಲದ ಹೊದಿಕೆಯೊಳಗೆ ಸೇರಿತು. ಆಗಾಗ ಹೊದಿಕೆ ಸರಿಸಿ ಒರೆಸುತ್ತಿದ್ದ ಅಣ್ಣನೂ ಐದು ವರ್ಷಗಳ ಹಿಂದೆ ನಮ್ಮನ್ನು ಅಗಲಿದ.

ಕಳೆದ ವರ್ಷ ಅತ್ತಿಗೆಯ ಎರಡೂ ಮಂಡಿಗಳು ಸವೆದು, ಶಸ್ತ್ರಚಿಕಿತ್ಸೆಯಾಗದೆ ನಡೆಯಲಾಗದು ಎಂದು ವೈದ್ಯರು ತಿಳಿಸಿದರು. ಆಗ ನೆನಪಾದದ್ದು ಗಾಡಿ. ಪರಿಚಿತ ಮೆಕ್ಯಾನಿಕ್ ಒಬ್ಬನ ಮೂಲಕ ಸುದ್ದಿ ಹರಡಿತು. ದಲ್ಲಾಳಿಯೊಬ್ಬ ಬಂದು, ಸಂಗ್ರಾಹಕನೊಬ್ಬ ನಾಲ್ಕು ಲಕ್ಷ ಕೊಡಲು ಸಿದ್ಧನಿದ್ದಾನೆ ಎಂದಾಗ ನನಗೆ ಮಾತೇ ಹೊರಡಲಿಲ್ಲ.

ಇಂಥ ವ್ಯಾಪಾರದಲ್ಲಿ ಹೊಳಪಿಗಿಂತ ಮೂಲಸ್ವರೂಪಕ್ಕೆ ಬೆಲೆ ಹೆಚ್ಚು ಎಂಬುದನ್ನು ಅಂದು ತಿಳಿದೆ. ಹೊಸ ಬಣ್ಣ ಬಳಿದ ಟ್ಯಾಂಕಿಗಿಂತ ಕಾರ್ಖಾನೆಯ ಮಾಸಿದ ಬಣ್ಣವೇ ಲೇಸು. ಎಲ್ಲಕ್ಕಿಂತ ಮುಖ್ಯವಾದದ್ದು, ಚಾಸಿಸ್ಸಿನ ಮತ್ತು ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಗಳು ಆರ್‌ಸಿ ಪುಸ್ತಕದೊಡನೆ ತಾಳೆಯಾಗುವುದು. ಇದಕ್ಕೆ ಇನ್ನೊಂದು ಕಾರಣವೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಚಾಸಿಸ್ ಎಂಜಿನ್ನುಗಳು ಮಾರ್ಪಾಟಾಗದೆ ಉಳಿದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಅಣ್ಣನ ಗಾಡಿಗೆ 2034ರಲ್ಲಿ ಐವತ್ತು ತುಂಬುತ್ತದೆ. ಕೊಳ್ಳಬಂದವನ ಕಣ್ಣು ಅಲ್ಲಿತ್ತು.

ಎಂಜಿನ್ನಿನ ಸಂಗತಿಯನ್ನು ನಾನು ದಲ್ಲಾಳಿಗೆ ಹೇಳಿದೆ. ಅವನು ಕೊಂಚವೂ ವಿಚಲಿತನಾಗಲಿಲ್ಲ. "ಅದಕ್ಕೇನಂತೆ ಸಾರ್, ಹಳೆಯ ನಂಬರನ್ನು ಉಜ್ಜಿ, ಪುಸ್ತಕದಲ್ಲಿರುವ ನಂಬರನ್ನೇ ಪಂಚ್ ಮಾಡಿಸಿದರಾಯಿತು. ಕೈ ಪಳಗಿದವರಿದ್ದಾರೆ. ನೀವು ಸುಮ್ಮನಿದ್ದರೆ ಸಾಕು" ಎಂದ.

ಅದು ಅಪರಾಧವೆಂದು ನನಗೆ ಗೊತ್ತಿತ್ತು. ಆದರೂ ಆ ಕ್ಷಣದಲ್ಲಿ 'ಆಗದು' ಎನ್ನಲಿಲ್ಲ. ಒಂದು ವಾರ ಸಮಯ ಕೇಳಿದೆ. ಓದುಗರೇ, ನಾಲ್ಕು ದಶಕ ಮಕ್ಕಳಿಗೆ ಸತ್ಯದ ಪಾಠ ಹೇಳಿದವನು ಆ ಒಂದು ವಾರವನ್ನು ಹೇಗೆ ಕಳೆದನೆಂದು ಹೇಳಲು ಸಂಕೋಚವಾಗುತ್ತದೆ. ನನ್ನ ಹಣವಾಗಿದ್ದರೆ ನಿರಾಕರಿಸುವುದು ಸುಲಭವಿತ್ತು. ಇದು ಅತ್ತಿಗೆಯ ಹಣ. ನೋವಿನಿಂದ ಮೆಟ್ಟಿಲಿಳಿಯುವವರು ಅವರು. ನಾನು ಪ್ರಾಮಾಣಿಕನೆನಿಸಿಕೊಳ್ಳುವುದಕ್ಕೆ ತೆರಬೇಕಾದ ಬೆಲೆಯನ್ನು ಇನ್ನೊಬ್ಬರ ಮಂಡಿಯಿಂದ ವಸೂಲು ಮಾಡುವುದು ಯಾವ ನ್ಯಾಯ? ಹೀಗೆ ತರ್ಕ ಮಾಡುತ್ತಾ, ಸುಳ್ಳಿಗೆ ದಯೆಯ ಅಂಗಿ ತೊಡಿಸಿದ್ದೆ. ಅವರಿಗೆ ವಿಷಯವನ್ನೇ ತಿಳಿಸಿರಲಿಲ್ಲ.

ಏಳನೆಯ ದಿನ ತಡೆಯಲಾರದೆ ಹೋಗಿ ಎಲ್ಲವನ್ನೂ ಹೇಳಿದೆ. ಅತ್ತಿಗೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಎಂಜಿನ್ನಿಗೆ ದುಡ್ಡು ಎಲ್ಲಿಂದ ಬಂತು, ಗೊತ್ತೇನಪ್ಪ ನಿನಗೆ?" ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. "ನನ್ನ ತವರಿನ ಎರಡು ಬಳೆ. ನಿಮ್ಮಣ್ಣ ಬೇಡವೆಂದರು. ಮೂರು ತಿಂಗಳು ಮಂಕಾಗಿ ಕೂತಿದ್ದರು, ನೋಡಲಾರದೆ ನಾನೇ ಕೊಟ್ಟೆ. ಈಗ ಅದರ ಮೇಲೆ ಬೇರೆ ನಂಬರು ಹೊಡೆಸಿದರೆ, ಆ ಬಳೆಗಳೇ ಇರಲಿಲ್ಲ ಎಂದ ಹಾಗಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರು."

ಟ್ರಂಕು ತೆಗೆಸಿ, ಬಟ್ಟೆಗಳ ಅಡಿಯಿಂದ ಒಂದು ಲಕೋಟೆಯನ್ನು ಹೊರತೆಗೆದರು. ಗುಜರಿ ಅಂಗಡಿಯ ಹಳದಿಯಾದ ರಸೀದಿ, ಜೊತೆಗೆ ಕಳಚಿದ ಆ ಗಾಡಿಯ ಆರ್‌ಸಿ ಪುಸ್ತಕದ ನಕಲು. ನಮೂದಿಸಲು ಸೋಮಾರಿಯಾಗಿದ್ದ ಅಣ್ಣ ಕಾಗದವನ್ನಂತೂ ಜೋಪಾನವಾಗಿ ಇಟ್ಟಿದ್ದ.

ನಾಲ್ಕು ಲಕ್ಷದವನು ಮತ್ತೆ ಬರಲಿಲ್ಲ. ಎರಡು ತಿಂಗಳು ಆರ್‌ಟಿಓ ಕಚೇರಿಗೆ ಅಲೆದು, ಮೃತರ ಹೆಸರಿನಿಂದ ಅತ್ತಿಗೆಯ ಹೆಸರಿಗೆ ವರ್ಗಾವಣೆ, ಎಂಜಿನ್ ಬದಲಾವಣೆಯ ನಮೂದು, ನೋಂದಣಿಯ ನವೀಕರಣ ಎಲ್ಲವನ್ನೂ ಮುಗಿಸಿದೆವು. ಕೊನೆಗೆ ಓಡಿಸುವುದಕ್ಕೆಂದೇ ಹುಡುಕುತ್ತಿದ್ದ ತರುಣನೊಬ್ಬ ಎರಡೂ ಕಾಲು ಲಕ್ಷಕ್ಕೆ ಕೊಂಡ. ಅವನು ರಸೀದಿಯನ್ನೂ ಕೇಳಿದ. ಅತ್ತಿಗೆ ಅದರ ನಕಲನ್ನು ಕೊಟ್ಟು, ಮೂಲವನ್ನು ಟ್ರಂಕಿಗೆ ಹಿಂತಿರುಗಿಸಿದರು. ಕಿಕ್ಕರ್ ತುಳಿದಾಗ ಇಪ್ಪತ್ತು ವರ್ಷಗಳಿಗೂ ಮೀರಿದ ಮೌನ ಮುರಿಯಿತು. ಅದೇ ನೀಲಿ ಹೊಗೆ, ಅದೇ ವಾಸನೆ. ಅತ್ತಿಗೆ ಗೋಡೆ ಹಿಡಿದು ನಿಂತು ರಸ್ತೆಯ ತಿರುವಿನವರೆಗೂ ನೋಡಿದರು.

ಆ ಹಣದಿಂದ ಬಲ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಎಡಗಡೆಯದು ಇನ್ನೂ ಕಾದಿದೆ. ಅದಕ್ಕಾಗಿ ನನ್ನ ಪಿಂಚಣಿಯಿಂದ ತಿಂಗಳಿಗೆ ಇಷ್ಟೆಂದು ತೆಗೆದಿಡುತ್ತಿದ್ದೇನೆ. ಸತ್ಯದ ಬೆಲೆಯಲ್ಲಿ ನನ್ನ ಪಾಲು ಅಷ್ಟಾದರೂ ಇರಲಿ ಎಂದು. ಅವರು ಕೋಲೂರಿ ಅಂಗಳ ದಾಟುವುದನ್ನು ಕಂಡಾಗಲೆಲ್ಲ, ಬೆಲೆ ತೆರಬೇಕಾದವರನ್ನು ಕೇಳದೆಯೇ ಅವರ ಪರವಾಗಿ ಸುಳ್ಳನ್ನು ಆರಿಸಲು ಹೊರಟಿದ್ದ ಆ ಏಳು ದಿನಗಳು ನನಗೆ ನೆನಪಾಗುತ್ತವೆ.