ದೊಡ್ಡಕ್ಷರದ ಲಗ್ನಪತ್ರಿಕೆ

ಚೆನ್ನೈನಲ್ಲಿ ಪ್ಯಾರೀಸ್ ಕಾರ್ನರ್ ಅಂದರೂ ಪಾರಿಮುನೈ ಅಂದರೂ ಆಟೋದವರು ತಂದು ಇಳಿಸುವುದು ಒಂದೇ ಮೂಲೆಗೆ. 1788ರಲ್ಲಿ ಮದರಾಸಿನಲ್ಲಿ ವ್ಯಾಪಾರ ಶುರುಮಾಡಿದ ಥಾಮಸ್ ಪ್ಯಾರಿಯ ಹೆಸರು ಅದು. ಅಲ್ಲಿಂದ ನಡೆದೇ ಹೋಗಬಹುದಾದ ಆಂಡರ್ಸನ್ ಬೀದಿಯಲ್ಲಿ ಸಾಲು ಸಾಲು ಲಗ್ನಪತ್ರಿಕೆ ಅಂಗಡಿಗಳು.

ಅಲ್ಲಿ ಮಾಡಿಸಿದ ಒಂದು ಪತ್ರಿಕೆಯ ಕೆಳಗೆ ಮದುವೆಯ ವೆಬ್ ವಿಳಾಸವಿದೆ ಅಂದುಕೊಳ್ಳಿ. ಚೆಂದ ಕಾಣಲೆಂದು ಅಚ್ಚಿನವರು ಇಡೀ ಸಾಲನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ಧಾರವಾಡದ ಸೋದರತ್ತೆ ಕಂಡಂತೆಯೇ ಟೈಪ್ ಮಾಡುತ್ತಾರೆ. ಬರುವುದು 404, ಪುಟವೇ ಇಲ್ಲ. ಸೈಟಿನ ಹೆಸರಿಗೆ ದೊಡ್ಡ-ಸಣ್ಣ ಭೇದವಿಲ್ಲ. ಓರೆಗೆರೆಯ ನಂತರದ ದಾರಿಗೆ ಇರಬಹುದು. ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್ ತಾನಾಗಿ ಎರಡನ್ನೂ ಒಂದೇ ಎಂದು ಬಗೆಯುತ್ತದೆ. ಜಾಂಗೊ, ಫ್ಲಾಸ್ಕ್ ಬೇರೆ ಎನ್ನುತ್ತವೆ.

ಕನ್ನಡಕ್ಕೂ ತಮಿಳಿಗೂ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಅತ್ತೆಯ ಪಾಲಿಗೆ ಅದು ಒಂದೇ ಅಕ್ಷರದ ಎರಡು ಅಂಗಿ. ಆದರೂ ತಪ್ಪು ತಮ್ಮದೇ ಎಂದು ಅವರು ಫೋನ್ ಕೆಳಗಿಡುತ್ತಾರೆ.

ಪರಿಹಾರ ಸಣ್ಣದು. ಬಂದ ದಾರಿಯನ್ನು ಸಣ್ಣಕ್ಷರಕ್ಕೆ ಇಳಿಸಿ ಹೋಲಿಸುವುದು, ವ್ಯತ್ಯಾಸವಿದ್ದರೆ 301 ಕೊಟ್ಟು ಅಸಲಿ ವಿಳಾಸಕ್ಕೆ ಕಳಿಸುವುದು. ಆಗ ಒಂದು ಪುಟಕ್ಕೆ ಒಂದೇ ವಿಳಾಸ ಉಳಿಯುತ್ತದೆ, ಗೂಗಲ್‌ಗೂ ಗೊಂದಲವಿಲ್ಲ. ಎಚ್ಚರ ಒಂದೇ: ಯೂಟ್ಯೂಬ್ ವಿಡಿಯೊದ ಗುರುತಿನಂಥದ್ದರಲ್ಲಿ ಅಕ್ಷರ ಬದಲಾದರೆ ವಸ್ತುವೇ ಬದಲಾಗುತ್ತದೆ. ಮನುಷ್ಯರು ಓದುವ ಪದಗಳನ್ನಷ್ಟೇ ಇಳಿಸಬೇಕು. ಯಂತ್ರ ಕೊಟ್ಟ ಗುರುತನ್ನು ಮುಟ್ಟಬಾರದು.

ಅತ್ತೆಗೆ ಬೇಕಿದ್ದದ್ದು ಛತ್ರದ ದಾರಿ, ಅಷ್ಟೇ. ಪ್ಯಾರೀಸ್ ಕಾರ್ನರಿನ ಆಟೋದವರು ಅವರ ಉಚ್ಚಾರಣೆ ತಿದ್ದದೆ ಕರೆದೊಯ್ಯುತ್ತಾರೆ. ಸರ್ವರ್ ಕೂಡ ಅಷ್ಟು ಮಾಡಬಹುದು.