ದೇವಕಣಗಿಲೆಗೆ ವಿಭೂತಿ

ದೇವಕಣಗಿಲೆಯಷ್ಟು ಸ್ವಾಭಿಮಾನಿ ಗಿಡವನ್ನು ನಾನು ಕಂಡಿಲ್ಲ. ನೀರು ಬೇಡುವುದಿಲ್ಲ, ಗೊಬ್ಬರ ಬೇಡುವುದಿಲ್ಲ, ಬೇಲಿಯನ್ನೂ ಬೇಡುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ನಮ್ಮ ಓಣಿಯ ಆಡುಗಳು ಇದನ್ನು ಮಾತ್ರ ಒಮ್ಮೆ ಮೂಸಿ, ಎಲೆಯ ಹಾಲಿನ ವಾಸನೆಗೆ ಮೂತಿ ತಿರುವಿ ಮುಂದೆ ಹೋಗುತ್ತವೆ. ಒಂದು ಕೊಂಬೆ ಮುರಿದು, ಹಾಲು ಆರುವ ತನಕ ಗೋಡೆಗೆ ಒರಗಿಸಿಟ್ಟು, ಆಮೇಲೆ ಮೊರಂ ಮಣ್ಣಿನಲ್ಲಿ ಊರಿದರೆ ಮುಗಿಯಿತು. ಗಂಗಾವತಿ ಬಳಿಯ ಹೇಮಗುಡ್ಡದ ಸುತ್ತಿನ ಈ ಬಂಡೆನೆಲಕ್ಕೆ ಇದು ಹೇಳಿ ಮಾಡಿಸಿದ ಗಿಡ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಾಗ ಹೊಸಬರು ಸತ್ತೇ ಹೋಯಿತೆಂದು ಕೊಡಲಿ ಹುಡುಕುತ್ತಾರೆ. ಬಿಸಿಲೇರಿ ಬಂಡೆಯ ಮೇಲೆ ಬರಿಗಾಲಿಡಲಾಗದ ದಿನಗಳು ಬಂದವೋ, ಬೋಳು ತುದಿಯಲ್ಲೇ ಗೊಂಚಲು ಗೊಂಚಲು ಹೂ. ಐದೆಸಳು, ಅಂಚು ಬಿಳಿ, ನಡುವೆ ಹಳದಿ. ಸಂಜೆಯಾದರೆ ಓಣಿಯ ತುದಿಯವರೆಗೂ ಪರಿಮಳ.

ಗುಡಿ ಗೋರಿಗಳ ಅಂಗಳದಲ್ಲೆಲ್ಲ ಇದು ಹಳೆಯ ಯಜಮಾನನ ಗತ್ತಿನಲ್ಲಿ ನಿಂತಿರುವುದನ್ನು ನೋಡಿದರೆ ಯಾವುದೋ ಪುರಾಣಕಾಲದ ಮರ ಎಂದೇ ಅನಿಸುತ್ತದೆ. ಆದರೆ ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ನಿಕರಾಗುವಾ ದೇಶಕ್ಕೆ ಇದೇ ರಾಷ್ಟ್ರಪುಷ್ಪ. ಮೆಣಸಿನಕಾಯಿ, ಪಪ್ಪಾಯಿ, ಪೇರಲಗಳು ಹೇಗೆ ಯುರೋಪಿನವರ ಹಡಗು ಹತ್ತಿ ಬಂದವೋ ಇದೂ ಹಾಗೆಯೇ ಬಂದದ್ದು. ಹೇಮಗುಡ್ಡ, ಕುಮ್ಮಟದುರ್ಗದ ಕೋಟೆಗಳ ಸುತ್ತ ಕಂಪಿಲಿಯ ರಾಜಕುಮಾರ ಕುಮಾರರಾಮನ ಕಥೆ ಇಂದಿಗೂ ಓಡಾಡುತ್ತದೆ. ದೆಹಲಿಯ ಸೈನ್ಯದೆದುರು ಕಂಪಿಲಿ ಬಿದ್ದದ್ದು 1327ರಲ್ಲಿ. ಕೊಲಂಬಸ್ ಹಡಗು ಹತ್ತಿದ್ದು 1492ರಲ್ಲಿ. ಯಾರಾದರೂ ಕುಮಾರರಾಮನ ಸಿನಿಮಾ ತೆಗೆದು, ನಾಯಕಿಯ ಮುಡಿಗೆ ದೇವಕಣಗಿಲೆ ಮುಡಿಸಿದರೆ ನಾನಂತೂ ಎದ್ದು ಹೊರಗೆ ಬರುತ್ತೇನೆ.

ಇಂಥ ಗಿಡಕ್ಕೂ ಒಂದು ಬೇಸಿಗೆಯಲ್ಲಿ ಹುಳ ಬಿತ್ತು. ಮೊದಲು ಕಂಡದ್ದು ಓಣಿಯ ಕಾಕಾನ ಕಣ್ಣಿಗೆ.

"ಮಾಸ್ತರ, ಗಿಡಕ್ಕ ಯಾರರ ವಿಭೂತಿ ಬಡದಾರೇನ್ರಿ?"

ಎಲೆಯ ಬೆನ್ನು, ಮೊಗ್ಗಿನ ತೊಟ್ಟು, ಕೊಂಬೆಯ ಎಳೆ ತುದಿ ಎಲ್ಲ ಬೆಳ್ಳಗಾಗಿತ್ತು. ಹೂವಾಗಬೇಕಿದ್ದ ಮೊಗ್ಗುಗಳು ಸುರುಟಿ ನೆಲಕ್ಕೆ ಬಿದ್ದಿದ್ದವು.

"ಹಿಟ್ಟಿನ ಹುಳ ಕಾಕಾ."

"ಹಂಗಾರ ಎಣ್ಣಿ ಹೊಡೀರಿ. ನಾಳೆ ಗದ್ದಿಗೆ ಹೊಡಿಯಾಕ ಪಂಪು ತುಂಬಸ್ತೀನಿ. ಉಳದದ್ದು ನಿಮ್ಮ ಗಿಡಕ್ಕ ಎರಡು ಸುತ್ತು ಹೊಡದು ಬಿಡ್ತೀನಿ, ತಗೀರಿ."

ಒಳಗಿಂದ ಅವ್ವ ಬಾಯಿ ಹಾಕಿದಳು. "ಆ ಹೂ ನಾ ದುರ್ಗವ್ವಗ ಏರಸೂವು. ತಾಯಿ ತಲಿಮ್ಯಾಲ ಎಣ್ಣಿ ಹಾಕ್ತೀರೇನೊ?"

ಹೇಮಗುಡ್ಡದ ದುರ್ಗೆ ಸಾಮಾನ್ಯಳಲ್ಲ. ದಸರೆಗೆ ಆನೆಯ ಮೇಲೆ ಅಂಬಾರಿಯಲ್ಲಿ ಮೆರವಣಿಗೆ ಮಾಡಿಸಿಕೊಳ್ಳುವವಳು. ಅವಳ ಹೆಸರು ಬಂದದ್ದರಿಂದ ಕಾಕಾನ ಪಂಪು ಗದ್ದೆಯಲ್ಲೇ ಉಳಿಯಿತು. ನನಗೆ ಗಿಡವನ್ನು ನೋಡುತ್ತ ಕೂರಲು ಪುರುಸೊತ್ತು ಸಿಕ್ಕಿತು.

ಈ ಹಿಟ್ಟಿನ ಹುಳವನ್ನು ಕೃಷಿ ಇಲಾಖೆಯವರು ಹಿಟ್ಟು ತಿಗಣೆ ಎನ್ನುತ್ತಾರೆ. ಆ ಬಿಳಿ ಪುಡಿ ಹುಳವಲ್ಲ, ಹುಳ ತನ್ನ ಮೈಮೇಲೆ ಹೊದ್ದುಕೊಳ್ಳುವ ಮೇಣ. ಕಡ್ಡಿಯಿಂದ ಕೆದಕಿದರೆ ಒಳಗೆ ಹಳದಿ ಮೈಯ ಹೆಣ್ಣು ಬಾಯಿಯ ಸೂಜಿಯನ್ನು ಎಲೆಗೆ ಚುಚ್ಚಿ ನಿಶ್ಚಿಂತೆಯಿಂದ ಕುಳಿತಿರುತ್ತಾಳೆ. ರೆಕ್ಕೆ ಗಂಡಿಗೆ ಮಾತ್ರ. ಹೆಣ್ಣು ಮೇಣದ ಚೀಲದಲ್ಲಿ ನೂರಾರು ಮೊಟ್ಟೆಯಿಟ್ಟು ಸಾಯುತ್ತಾಳೆ. ಬೇಸಿಗೆಯ ಒಣಹವೆ ಇವರಿಗೆ ಬಲು ಪ್ರೀತಿ, ಒಂದು ತಿಂಗಳ ಆಸುಪಾಸಿನಲ್ಲಿ ಮುಂದಿನ ತಲೆಮಾರು ತಯಾರು. ಹೀರಿದ ರಸದಲ್ಲಿ ಮೈಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದ ಸಕ್ಕರೆಯನ್ನು ಅಂಟು ಹನಿಗಳಾಗಿ ಹೊರಬಿಡುತ್ತವೆ. ಅದು ಕೆಳಗಿನ ಎಲೆಯ ಮೇಲೆ ಬಿದ್ದಲ್ಲಿ ಕರಿ ಬೂಷ್ಟು ಬೆಳೆಯುತ್ತದೆ. ಅಂಟು ಎಲ್ಲಿದೆಯೋ ಅಲ್ಲಿ ಇರುವೆ.

ಈ ಇರುವೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಂಡದ ಮೇಲೆ ಸಾಲುಗಟ್ಟಿ ಹತ್ತುವ ಕಪ್ಪಿರುವೆಗಳನ್ನು ನೋಡಿ, ಪಾಪ, ಹುಳ ತಿನ್ನಲು ಹೊರಟಿವೆ ಎಂದು ಸಮಾಧಾನಪಡುವವರಿದ್ದಾರೆ. ಅವು ಹೊರಟಿರುವುದು ಹಾಲು ಕರೆಯಲು. ತಿಗಣೆಯನ್ನು ಮೀಸೆಯಿಂದ ತಟ್ಟುತ್ತವೆ, ಅದು ಒಂದು ಹನಿ ಕೊಡುತ್ತದೆ, ಇವು ಕುಡಿಯುತ್ತವೆ. ಬದಲಿಗೆ ಕಾವಲು. ಗುಲಗಂಜಿ ಹುಳವೋ ಸಣ್ಣ ಕಣಜವೋ ತಿಗಣೆಯ ಬಳಿ ಸುಳಿದರೆ ಓಡಿಸುತ್ತವೆ. ಹಿಟ್ಟು ತಿಗಣೆ ಹೆಚ್ಚಿದ ಗಿಡದಲ್ಲಿ ಮೊದಲು ಮುರಿಯಬೇಕಾದದ್ದು ಈ ಒಪ್ಪಂದವನ್ನು. ಕಾಂಡಕ್ಕೆ ಮೊಣಕಾಲೆತ್ತರದಲ್ಲಿ ಹಳೇ ಬಟ್ಟೆಯ ಪಟ್ಟಿ ಬಿಗಿದು, ಅದಕ್ಕೆ ಗಾಡಿಯ ಗ್ರೀಸು ಸವರಿದೆ. ಗೋಡೆಗೆ ತಾಗಿದ್ದ ಒಂದು ಕೊಂಬೆಯನ್ನೂ ಕಡಿದೆ, ಇಲ್ಲದಿದ್ದರೆ ಅವು ಗೋಡೆ ಹತ್ತಿ ಅತ್ತಲಿಂದ ಬರುತ್ತವೆ. ನೆಲದಲ್ಲಿ ಇರುವೆಗಳು ಒಂದು ದಿನವೆಲ್ಲ ಸಭೆ ಸೇರಿದವು, ಆಮೇಲೆ ಚದುರಿದವು.

ಕಾಕಾನನ್ನು ನಾನು ದೂರುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಕೊಟ್ಟಂದಿನಿಂದ ಗಂಗಾವತಿ ಸೀಮೆ ಭತ್ತದ ಕಣಜವಾಯಿತು, ಭತ್ತದ ಬೆನ್ನಿಗೇ ಪಂಪೂ ಬಂತು. ಗೊಬ್ಬರದಂಗಡಿಗೆ ಹೋಗಿ ಹುಳದ ಹೆಸರು ಹೇಳುವುದೂ ಬೇಡ, "ಭತ್ತಕ್ಕ ಜಿಗಿ ಬಿದ್ದೈತಿ" ಎಂದರೆ ಸಾಕು, ಡಬ್ಬಿ ಎದುರಿಗೆ ಬಂದು ಕೂರುತ್ತದೆ. ಆದರೆ ಭತ್ತದ ಕಂದು ಜಿಗಿಹುಳುವಿನ ಕಥೆಯೇ ಬೇರೆ ಪಾಠ ಹೇಳುತ್ತದೆ. ಸಿಕ್ಕಾಪಟ್ಟೆ ಎಣ್ಣೆ ಹೊಡೆದ ಗದ್ದೆಯಲ್ಲೇ ಅದು ಹೆಚ್ಚು. ಏಕೆಂದರೆ ಎಣ್ಣೆಗೆ ಮೊದಲು ಸಾಯುವುದು ಗದ್ದೆಯ ಜೇಡ, ಬೇಟೆಗಾರ ತಿಗಣೆ, ಕಣಜಗಳು. ಜಿಗಿಹುಳುವಿನ ಮೊಟ್ಟೆ ದಂಟಿನೊಳಗೆ ಭದ್ರ. ಮೊಟ್ಟೆಯೊಡೆದು ಬರುವ ಮರಿಗಳಿಗೆ ವೈರಿಯೇ ಇರುವುದಿಲ್ಲ. ಇಂಡೋನೇಷ್ಯಾ ಸರ್ಕಾರ ಇದನ್ನು ಅರಿತು 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಆ ದೇಶದ ಬಾಲಿಯಲ್ಲೂ ದೇವರ ಮುಂದೆ ಇಡುವುದು ಇದೇ ದೇವಕಣಗಿಲೆ ಹೂವನ್ನು.

ಗದ್ದೆಯ ಹುಳಕ್ಕೆ ನಿಜವಾದದ್ದು ಅಂಗಳದ ಹುಳಕ್ಕೂ ನಿಜ. ಮೇಣದ ಹೊದಿಕೆಯ ಮೇಲೆ ಎಣ್ಣೆಯ ಹನಿ ನಿಲ್ಲದೆ ಜಾರುತ್ತದೆ, ತಿಗಣೆ ಉಳಿಯುತ್ತದೆ. ಬರಿಮೈಯಲ್ಲಿ ಓಡಾಡುವ ಅದರ ವೈರಿ ಸಾಯುತ್ತದೆ.

ನಮ್ಮ ಗಿಡದ ತಿಗಣೆ ಪಕ್ಕದ ಹಿತ್ತಲಿನ ಪಪ್ಪಾಯಿಯಿಂದ ದಾಟಿ ಬಂದದ್ದು. ಅದಕ್ಕೆ ಹೆಸರೇ ಪಪ್ಪಾಯಿ ಹಿಟ್ಟು ತಿಗಣೆ. ಭಾರತದಲ್ಲಿ ಇದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಎರಡು ವರ್ಷದಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿ ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆಗಳನ್ನು ಹಣ್ಣು ಮಾಡಿತು. ರೇಷ್ಮೆ ಸಾಕುವವರ ಗೋಳು ಹೇಳತೀರದು, ಸೊಪ್ಪಿಗೆ ಎಣ್ಣೆ ಹೊಡೆದರೆ ರೇಷ್ಮೆ ಹುಳವೂ ಸಾಯುತ್ತದೆ. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟಗಳ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದೇ ಗೆದ್ದದ್ದು. ಕಣಜ ಎಂದರೆ ಕುಟುಕುವ ಕಡಜ ಎಂದು ತಿಳಿಯಬೇಡಿ. ಒಂದು ಮಿಲಿಮೀಟರೂ ಇಲ್ಲದ, ಕಿತ್ತಳೆ ಬಣ್ಣದ ಚುಕ್ಕೆ ಅದು. ತಿಗಣೆಯ ಮರಿಯ ಹೊಟ್ಟೆಗೆ ಮೊಟ್ಟೆ ಚುಚ್ಚುತ್ತದೆ. ಒಳಗೆ ಹುಟ್ಟಿದ ಮರಿ ತಿಗಣೆಯನ್ನು ಒಳಗಿಂದಲೇ ತಿಂದು, ಒಣಗಿದ ತೊಗಲಿಗೆ ದುಂಡಗೆ ತೂತು ಕೊರೆದು ಹೊರಬರುತ್ತದೆ. ಹಳ್ಳಿ ಹಳ್ಳಿಗೆ ಇವನ್ನು ಬಿಟ್ಟ ಮೇಲೆ ಪಿಡುಗು ಕೆಲವು ತಿಂಗಳಲ್ಲೇ ಇಳಿಯಿತು, ಮುಂದೆ ಕಣಜಗಳು ತಾವೇ ಹಬ್ಬಿದವು.

ಇಲ್ಲಿ ನನಗೆ ಮೋಜೆನಿಸುವುದು ಇದು. ಗಿಡ ಮೆಕ್ಸಿಕೊದ್ದು. ತಿಗಣೆಯೂ ಮೆಕ್ಸಿಕೊದ್ದೇ. ಕಣಜವೂ ಅದೇ ಸೀಮೆಯದು. ಗಿಡ ಬಂದು ಕೆಲವು ಶತಮಾನ ನೆಮ್ಮದಿಯಿಂದಿತ್ತು, ಹಿಂದಿನಿಂದ ಹಳೆಯ ಸಾಲಗಾರ ಬಂದ, ಅವನ ಹಿಂದೆ ಅವನನ್ನು ಹಿಡಿಯುವ ಜಮಾದಾರ ಬಂದ. ಅವರ ಊರಿನ ಜಗಳ ನಮ್ಮ ಅಂಗಳದಲ್ಲಿ.

ಅಂದಮಾತ್ರಕ್ಕೆ ನಮ್ಮ ಊರಿನವರು ಸುಮ್ಮನೆ ಕೂತಿಲ್ಲ. ಒಂದು ಬೆಳಿಗ್ಗೆ ಎಲೆ ತಿರುವಿದಾಗ ಬಿಳಿ ರಾಶಿಯ ನಡುವೆ ಒಂದು ತುಸು ದೊಡ್ಡ ತುಣುಕು ಮೆಲ್ಲಗೆ ಜರುಗುತ್ತಿತ್ತು. ಅದು ಸ್ಪಾಲ್ಗಿಸ್ ಎಪಿಯಸ್ ಎಂಬ ಚಿಟ್ಟೆಯ ಮರಿ. ಚಿಟ್ಟೆಯ ಮರಿಗಳೆಲ್ಲ ಸೊಪ್ಪು ತಿಂದರೆ ಇದು ಪಕ್ಕಾ ಮಾಂಸಾಹಾರಿ, ಹಿಟ್ಟು ತಿಗಣೆಯೇ ಅದರ ಊಟ. ತಿಂದ ತಿಗಣೆಗಳ ಮೇಣವನ್ನೇ ಬೆನ್ನಿಗೆ ಹೊದ್ದು ಇರುವೆಗಳ ಕಣ್ಣೆದುರೇ ಓಡಾಡುತ್ತದೆ. ಚಿಟ್ಟೆಯಾದ ಮೇಲೆ ನೋಡಲು ಏನೂ ಇಲ್ಲ, ಬೂದುಕಂದು ಬಣ್ಣದ ಸಣ್ಣ ಜೀವ, ಯಾರೂ ತಿರುಗಿ ನೋಡರು. ನೋಡಬೇಕಾದದ್ದು ಅದರ ಕೋಶವನ್ನು. ಎಲೆಗೆ ಅಂಟಿದ ಆ ಸಣ್ಣ ಕೋಶದ ಮೇಲೆ ಎರಡು ಕಣ್ಣು, ಚಪ್ಪಟೆ ಮೂಗು, ಬಿಗಿದ ಬಾಯಿ: ಥೇಟ್ ಮಂಗನ ಮುಖ! ಇಂಗ್ಲಿಷಿನವರು ಈ ಚಿಟ್ಟೆಗೆ ಏಪ್‌ಫ್ಲೈ ಎಂದು ಹೆಸರಿಟ್ಟದ್ದೇ ಇದರಿಂದ. ಅಂಜನಾದ್ರಿ, ಆನೆಗೊಂದಿಗಳು ಇಲ್ಲೇ ಗಂಗಾವತಿಯ ಮಗ್ಗುಲಲ್ಲಿವೆ, ಹನುಮ ಹುಟ್ಟಿದ್ದೂ ಇಲ್ಲೇ ಎಂದು ನಂಬಿದ ಸೀಮೆ ಇದು. ಕಿಷ್ಕಿಂಧೆಯ ಗಿಡ ಕಾಯಲು ಮಂಗನ ಮುಖದ ಹುಳವಲ್ಲದೆ ಇನ್ನಾರು ಬರಬೇಕು? ಅವ್ವನನ್ನು ಕರೆದು ತೋರಿಸಿದೆ. ಚಾಳೀಸು ಏರಿಸಿ ನೋಡಿ, "ಯವ್ವಾ, ಮಾರುತೀನ" ಎಂದು ಕೈ ಮುಗಿದಳು. ಅಲ್ಲಿಂದ ಆ ಕೊಂಬೆಗೆ ಪಂಪಲ್ಲ, ಪೊರಕೆಯೂ ತಾಗುವಂತಿಲ್ಲ.

ಇನ್ನೊಬ್ಬ ಕೆಲಸಗಾರನಿಗೆ ಈ ಅದೃಷ್ಟವಿಲ್ಲ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳವನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು, ಕಾಫಿಯ ಹಸಿರು ಶಲ್ಕ ಕೀಟ ತಿನ್ನಲಿ ಎಂದು. ಅದು ಹೇಳಿದ ಕೆಲಸ ಬಿಟ್ಟು ಹಿಟ್ಟು ತಿಗಣೆ ತಿನ್ನುತ್ತ ಇಲ್ಲೇ ನೆಲೆಸಿತು. ದೊಡ್ಡದು ಕಿತ್ತಳೆ ತಲೆಯ ಕಪ್ಪು ಗುಂಡಿಯಂತಿದೆ, ಗುರುತು ಹಿಡಿಯಬಹುದು. ಮರಿಯದ್ದೇ ಫಜೀತಿ. ಮೈತುಂಬ ಬಿಳಿ ಮೇಣದ ಎಳೆ ಬಿಟ್ಟುಕೊಂಡು ತಿಗಣೆಯ ಅಣ್ಣನಂತೆ ಕಾಣುತ್ತದೆ. ಜನ "ದೊಡ್ಡ ಹುಳ ಇದೇ" ಎಂದು ಮೊದಲು ಅದನ್ನೇ ಹೊಸಕುತ್ತಾರೆ. ಗುರುತಿಗೆ ಒಂದೇ ಸುಲಭ ದಾರಿ: ತಿಗಣೆ ಕೂತಲ್ಲೇ ಕೂರುತ್ತದೆ, ಇದು ಚುರುಕಾಗಿ ಓಡುತ್ತದೆ.

ಹಿಟ್ಟು ತಿಗಣೆಯ ದಾಯಾದಿಗಳು ಈ ಗುಡ್ಡಸೀಮೆಗೆ ಒಮ್ಮೆ ಉಪಕಾರವನ್ನೂ ಮಾಡಿವೆ. ಹಳೆಯ ಕೋಟೆ, ಹೊಲದ ಬದುಗಳನ್ನೆಲ್ಲ ನುಂಗಿದ್ದ ಪಾಪಾಸುಕಳ್ಳಿಗೆ 1926ರಲ್ಲಿ ಸಿಂಹಳದಿಂದ ತಂದ ಕೊಚಿನೀಲ್ ಹುಳ ಬಿಟ್ಟರು. ಅದೂ ಬಿಳಿ ಮೇಣ ಹೊದ್ದು ರಸ ಹೀರುವ ಜಾತಿಯೇ. ದಕ್ಷಿಣ ಭಾರತದ ಸಾವಿರಾರು ಎಕರೆ ಕಳ್ಳಿ ಕೆಲವೇ ವರ್ಷಗಳಲ್ಲಿ ಮಣ್ಣಾಯಿತು. ವಿಭೂತಿ ಯಾರ ಹಣೆಗೆ ಎಂಬುದರ ಮೇಲೆ ಲೆಕ್ಕ.

ದೇವಕಣಗಿಲೆಗೆ ಬೇರೆ ಕಾಟಗಳೂ ಇವೆ. ಎಲೆಯಡಿ ಸುರುಳಿ ಸುರುಳಿಯಾಗಿ ಬಿಳಿ ಗೆರೆ ಕಂಡರೆ ಅದು ಸುರುಳಿ ಬಿಳಿ ನೊಣ, 1993ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡದ್ದು. ನೀರಿನ ಪೈಪನ್ನು ಎಲೆಯ ಕೆಳಮೈಗೆ ಜೋರಾಗಿ ಹಿಡಿದರೆ ಬಹುಪಾಲು ಹೋಗುತ್ತದೆ. ಎಲೆಯಡಿ ಕಿತ್ತಳೆ ಪುಡಿ ಇದ್ದರೆ ಅದು ಹುಳವೇ ಅಲ್ಲ, ತುಕ್ಕು ರೋಗದ ಶಿಲೀಂಧ್ರ. ಅದಕ್ಕೆ ಹುಳದ ಎಣ್ಣೆ ಹೊಡೆಯುವುದು ನೆಗಡಿಗೆ ಕಾಲು ತಿಕ್ಕಿದಷ್ಟೇ ಉಪಯೋಗ. ಉದುರಿದ ಎಲೆ ಗುಡಿಸಿ ಸುಟ್ಟುಬಿಡಿ.

ಹುಳಗಳ ಮೇಲೆ ಇಷ್ಟು ದೂರು ಹೇಳುವಾಗ ಗಿಡದ ನಡತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ರಾತ್ರಿ ಅಷ್ಟು ಪರಿಮಳ ಬೀರುವ ಈ ಹೂವಿನಲ್ಲಿ ಮಕರಂದ ಒಂದು ತೊಟ್ಟೂ ಇಲ್ಲ. ವಾಸನೆಗೆ ಮರುಳಾಗಿ ಬರುವ ದೊಡ್ಡ ಪತಂಗ ಹೂವಿಂದ ಹೂವಿಗೆ ಕೊಳವೆನಾಲಗೆ ಚಾಚಿ ಬರಿಗೈಲಿ ಹೋಗುತ್ತದೆ, ಹೋಗುವಾಗ ಗಿಡದ ಪರಾಗವನ್ನು ಪುಕ್ಕಟೆ ಹೊತ್ತೊಯ್ಯುತ್ತದೆ. ಕೀಟಲೋಕಕ್ಕೆ ತಲೆತಲಾಂತರದಿಂದ ಮೋಸ ಮಾಡಿಕೊಂಡು ಬಂದ ಗಿಡ ಇದು. ತಿಗಣೆಗಳು ಒಂದಿಷ್ಟು ರಸ ವಸೂಲು ಮಾಡಿದರೆ ನನಗಂತೂ ಅಂಥ ಸಿಟ್ಟಿಲ್ಲ.

ಕಾಕಾ ಈಗಲೂ ಪಂಪು ಹೊತ್ತು ಹೋಗುವಾಗ ಗಿಡದ ಮುಂದೆ ನಿಲ್ಲುತ್ತಾನೆ. "ನಿಮ್ಮ ಮಂಗ್ಯಾ ಹೆಂಗ ಅದಾನ್ರಿ?" ಎನ್ನುತ್ತಾನೆ. ವಿಭೂತಿ ಪೂರ್ತಿ ಹೋಗಿಲ್ಲ, ಅಲ್ಲಲ್ಲಿ ಒಂದೊಂದು ಬೊಟ್ಟು ಉಳಿದಿದೆ. ಅದು ಉಳಿಯಬೇಕು ಕೂಡ. ತಿಗಣೆ ಪೂರಾ ಇಲ್ಲವಾದರೆ ಕಣಜಕ್ಕೂ ಮಂಗನಿಗೂ ಉಪವಾಸ.

ನಿಮ್ಮ ಅಂಗಳದಲ್ಲೋ ಊರ ಗುಡಿಯ ಮುಂದೋ ಇಂಥ ಗಿಡ ಬೆಳ್ಳಗಾಗಿದ್ದರೆ ಡಬ್ಬಿ ತರುವ ಮೊದಲು ಎಲೆ ತಿರುವಿ ನೋಡಿ. ಒಣಗಿದ ತೊಗಲಲ್ಲಿ ದುಂಡು ತೂತು, ಓಡುವ ಬಿಳಿ ಮರಿ, ಮಂಗನ ಮುಖ, ಇವುಗಳಲ್ಲಿ ಒಂದು ಕಂಡರೂ ಕೈ ಕಟ್ಟಿ ಕೂರಿ, ಇರುವೆಯನ್ನಷ್ಟೇ ತಡೆಯಿರಿ. ಏನೂ ಕಾಣದಿದ್ದರೆ ತೀರಾ ಹುಳ ತುಂಬಿದ ತುದಿಗಳನ್ನು ಕತ್ತರಿಸಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಚೂರು ಸಾಬೂನು ಕಲಸಿ, ಬಿಸಿಲು ಇಳಿದ ಮೇಲೆ ಎಲೆಯ ಕೆಳಮೈಗೆ ಸಿಂಪಡಿಸಿ. ಕತ್ತರಿಸುವಾಗ ಮುಖ ಆಚೆ ತಿರುಗಿಸಿಕೊಳ್ಳಿ, ಆ ಹಾಲು ಕಣ್ಣಿಗೆ ಸಿಡಿದರೆ ಬಲು ಉರಿ.